ಎಪ್ಪತ್ತೆರಡಕ್ಕೂ ಎಪ್ಪತ್ತನಾಲ್ಕಕ್ಕೂ ನಡುವೆ

ಚೌಕಾಸಿ ಮಾಡದೆ ಯಾವ ಮಾತನ್ನೂ ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲ. ಇದನ್ನು ದುರಭ್ಯಾಸ ಎನ್ನುವವರಿದ್ದಾರೆ. ಅವರೆಲ್ಲ ಮನೆ ಕಟ್ಟಿಸುವಾಗ ನನ್ನನ್ನೇ ಕರೆದುಕೊಂಡು ಹೋಗಿ ಟೈಲ್ಸ್ ಕೊಂಡವರು. ಅನ್ನಪೂರ್ಣೇಶ್ವರಿ ನಗರದಲ್ಲಿ ನನ್ನದೊಂದು ಪೇಂಟ್ ಅಂಗಡಿಯಿದೆ. ಎಸ್ಸೆಸ್ಸೆಲ್ಸಿ ಮುಗಿಸಿ, ಬೇರೆಯವರ ಅಂಗಡಿಯಲ್ಲಿ ಡಬ್ಬ ಹೊತ್ತು ಮೇಲೆ ಬಂದವನು ನಾನು. ನನ್ನ ಅನುಭವದಲ್ಲಿ ಯಾರು ಹೇಳಿದ ಮೊದಲ ಮಾತೂ ಕೊನೆಯ ಮಾತಲ್ಲ. ಗ್ರಾನೈಟಿನವನು ಒಂದು ಹೇಳುತ್ತಾನೆ, ನಾವೊಂದು ಹೇಳುತ್ತೇವೆ, ನಡುವೆ ಎಲ್ಲೋ ಇಬ್ಬರೂ ಮುಖ ಹುಳ್ಳಗೆ ಮಾಡಿಕೊಂಡು ಒಪ್ಪುತ್ತೇವೆ. ನೀವೂ ಹೀಗೆ ಮಾಡಿ, ಕೆಡುವುದಿಲ್ಲ. ಆದರೆ ಬಿ.ಎಸ್ಸಿ. ಮೊದಲ ವರ್ಷದ ರಸಾಯನಶಾಸ್ತ್ರದ ಪುಸ್ತಕದ ಹತ್ತಿರ ಮಾತ್ರ ಈ ವಿದ್ಯೆ ತೋರಿಸಲು ಹೋಗಬೇಡಿ.

ಆ ಪುಸ್ತಕ ನಮ್ಮ ಮನೆಗೆ ಬಂದದ್ದು ನನ್ನ ಹೆಂಡತಿ ಗಿರಿಜೆಯಿಂದ. ಮದುವೆಗೆ ಮುಂಚೆ ಅವಳು ಬಿ.ಎಸ್ಸಿ. ಮೊದಲ ವರ್ಷ ಪೂರ್ತಿ ಓದಿದ್ದಳು, ಪರೀಕ್ಷೆ ಮಾತ್ರ ಬರೆದಿರಲಿಲ್ಲ. ಪರೀಕ್ಷೆಯ ವಾರದಲ್ಲೇ ನಮ್ಮ ಮದುವೆ ಬಂತು. ಬಂತು ಎಂದರೆ ತಾನಾಗಿ ಬಂದದ್ದಲ್ಲ, ಆ ವಾರ ಛತ್ರ ಸಸ್ತಾ ಸಿಗುತ್ತದೆಂದು ಪಟ್ಟು ಹಿಡಿದವನು ನಾನೇ. ಮಗಳ ಮದುವೆಯೂ ಮುಗಿದ ಮೇಲೆ ಒಂದು ದಿನ ಗಿರಿಜೆ, 'ರೀ, ದೂರಶಿಕ್ಷಣಕ್ಕೆ ಅರ್ಜಿ ಹಾಕಿದೀನಿ' ಎಂದಳು. ಕೇಳಿದ್ದಲ್ಲ, ತಿಳಿಸಿದ್ದು. ಅಂದಿನಿಂದ ನಾನು ಮಧ್ಯಾಹ್ನ ಊಟಕ್ಕೆ ಬಂದರೆ ಮೇಜಿನ ಅರ್ಧ ಭಾಗದಲ್ಲಿ ಸಾರಿನ ಪಾತ್ರೆ, ಇನ್ನರ್ಧದಲ್ಲಿ ಅವಳ ನೋಟ್‌ಬುಕ್ಕು. ಉಂಡು ಒಂದು ಗಳಿಗೆ ಮಲಗಬಹುದಿತ್ತು. ಆದರೆ ಒಬ್ಬರು ಕಷ್ಟಪಡುತ್ತಿರುವಾಗ ಸಲಹೆ ಕೊಡದೆ ಮಲಗುವ ಜಾತಿಯಲ್ಲ ನಾನು.

'ಹತ್ತು ಗ್ರಾಂ ಹೈಡ್ರೋಜನ್, ಅರವತ್ತನಾಲ್ಕು ಗ್ರಾಂ ಆಕ್ಸಿಜನ್. ಎಷ್ಟು ನೀರಾಗುತ್ತೆ?' ಎಂದು ಅವಳು ಓದಿಕೊಳ್ಳುತ್ತಿದ್ದಳು.

'ಎಪ್ಪತ್ನಾಲ್ಕು' ಎಂದೆ ನಾನು, ಅನ್ನ ಕಲಸುತ್ತಲೇ. ಇಂಥ ಲೆಕ್ಕಕ್ಕೆ ವಿಶ್ವವಿದ್ಯಾಲಯ ಯಾಕೆ ಬೇಕೋ.

'ಎಪ್ಪತ್ತೆರಡು ರೀ. ಇಷ್ಟು ಆಕ್ಸಿಜನ್‌ಗೆ ಎಂಟೇ ಗ್ರಾಂ ಹೈಡ್ರೋಜನ್ ಸಾಕು. ಎರಡು ಗ್ರಾಂ ಉಳಿದುಬಿಡುತ್ತೆ.'

ನಾನು ತಟ್ಟೆಯಿಂದ ಕೈ ತೆಗೆದೆ. ತಂದ ಸಾಮಾನು ಉಳಿಸುವುದೆಂದರೇನು? ನನ್ನ ಅಂಗಡಿಯಲ್ಲಿ ಪೇಂಟರ್ ಒಬ್ಬ ಹೀಗೆ ಮಾಡಿದರೆ ನಾನು ಇನ್ನೊಂದು ಕಿಟಕಿಗೆ ಬಳಿ ಎನ್ನುತ್ತೇನೆ. ಇದನ್ನೇ ಹೇಳಿದೆ. ಅವಳು ಮೋಲ್ ಎಂದಳು, ಅನುಪಾತ ಎಂದಳು, ಎರಡಕ್ಕೆ ಒಂದು ಎಂದಳು. ಅರ್ಧ ಗಂಟೆ ಕೇಳಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು: ಎದುರು ಪಾರ್ಟಿ ಬಗ್ಗುವುದಿಲ್ಲ. ಹಾಗಾಗಿ ನ್ಯಾಯವಾದ ಮಾತು ಆಡಿದೆ. 'ನಂದೂ ಬೇಡ, ನಿಂದೂ ಬೇಡ. ಎಪ್ಪತ್ಮೂರಕ್ಕೆ ಮುಗಿಸು ಕಣೇ.'

ಗಿರಿಜೆ ಪೆನ್ನು ಕೆಳಗಿಟ್ಟು ನಕ್ಕಳು. ಬಹಳ ಹೊತ್ತು ನಕ್ಕಳು. 'ಆ ಉಳಿದ ಎರಡು ಗ್ರಾಮಿನ ಗತಿ ಏನು ಮತ್ತೆ?' ಎಂದು ಕೇಳಿದೆ.

'ಏನೂ ಇಲ್ಲ. ಹಾಗೇ ಇರುತ್ತೆ. ಆಕ್ಸಿಜನ್ ಸಿಕ್ಕಾಗ ಅದೂ ನೀರಾಗುತ್ತೆ.'

ಭೌತಶಾಸ್ತ್ರ ಇನ್ನೂ ಮರ್ಯಾದೆಗೆಟ್ಟದ್ದು. ಒಬ್ಬ ಮನುಷ್ಯ ಇಪ್ಪತ್ತು ಕೆಜಿ ಮೂಟೆಯನ್ನು ತಲೆಯ ಮೇಲೆ ಹೊತ್ತು ಸಮತಟ್ಟಾದ ರಸ್ತೆಯಲ್ಲಿ ಒಂದು ಕಿಲೋಮೀಟರ್ ನಡೆಯುತ್ತಾನೆ. ಗುರುತ್ವದ ವಿರುದ್ಧ ಅವನು ಮಾಡಿದ ಕೆಲಸ ಎಷ್ಟು? ಉತ್ತರ ಸೊನ್ನೆಯಂತೆ. ಮೂಟೆ ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ, ಆದ್ದರಿಂದ ಸೊನ್ನೆ. ನಾನು ಹದಿನೆಂಟನೇ ವಯಸ್ಸಿನಲ್ಲಿ ಮಾಗಡಿ ರಸ್ತೆಯಿಂದ ಹೇರೋಹಳ್ಳಿಯವರೆಗೆ ಸುಣ್ಣದ ಮೂಟೆ ಹೊತ್ತವನು. ಆ ರಸ್ತೆ ಆಗ ಸಮತಟ್ಟಾಗಿರಲಿಲ್ಲ, ಈಗಲೂ ಇಲ್ಲ. 'ಇದನ್ನ ಬರೆದೋನು ಒಂದು ದಿನಾನಾದ್ರೂ ಮೂಟೆ ಹೊತ್ತಿದಾನಾ?' ಎಂದೆ.

'ಮನೆ ಒಳಗೆ ದಿನವಿಡೀ ಓಡಾಡೋರ ಕೆಲಸಾನೂ ಹೀಗೇ ಲೆಕ್ಕ ಹಾಕ್ತಾರೆ ರೀ' ಎಂದಳು ಗಿರಿಜೆ, ತಲೆಯೆತ್ತದೆ. ಇದು ಪುಸ್ತಕದಲ್ಲಿದೆಯೋ, ನನಗೆ ಹೇಳಿದ್ದೋ ಗೊತ್ತಾಗಲಿಲ್ಲ. ಕೈ ತೊಳೆಯಲು ಎದ್ದೆ.

ಹೀಗಿರುವಾಗ ನನ್ನ ತಮ್ಮ ಮಂಜುನಾಥ ಹೇರೋಹಳ್ಳಿಯಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶ ಹತ್ತಿರ ಬಂತು. ಪುರೋಹಿತರು ಎರಡು ಮುಹೂರ್ತ ಕೊಟ್ಟಿದ್ದರು, ಒಂದು ಬುಧವಾರ, ಇನ್ನೊಂದು ಆಮೇಲಿನ ಭಾನುವಾರ. ಇಂಥದ್ದನ್ನೆಲ್ಲ ಕುದುರಿಸುವ ಜವಾಬ್ದಾರಿ ವಂಶಪಾರಂಪರ್ಯವಾಗಿ ನನ್ನದು. ಅಡುಗೆ ಕಂಟ್ರಾಕ್ಟರ್ ನಾಗರಾಜನ ಜೊತೆ ಕೂತೆ. ವಾರದ ನಡುವೆ ಅವನಿಗೆ ಕೆಲಸ ಕಮ್ಮಿ ಎಂಬುದನ್ನು ಹೊರಗೆಳೆದೆ. ಅದೇ ರೇಟಿಗೆ ಹೋಳಿಗೆಯ ಜೊತೆ ಇನ್ನೊಂದು ಸಿಹಿಯನ್ನೂ ಸೇರಿಸಿಕೊಂಡೆ. ಬುಧವಾರ ಗಟ್ಟಿ ಮಾಡಿ ಮನೆಗೆ ಬಂದು, ಗೆದ್ದವನ ಹಾಗೆ ಕೂತು ಎಲ್ಲವನ್ನೂ ವರದಿ ಮಾಡಿದೆ.

ಗಿರಿಜೆ ಕ್ಯಾಲೆಂಡರಿನ ಕಡೆ ನೋಡಿದಳು. 'ಆಯ್ತು' ಎಂದಳು. ನೋಟ್‌ಬುಕ್ಕು ಮುಚ್ಚಿ, ಮೇಜಿನ ಮೇಲಿನಿಂದ ಎತ್ತಿ, ಬೀರುವಿನಲ್ಲಿಟ್ಟಳು. ಸಾರು ಬಡಿಸಿದಳು.

ಮೇಜು ಪೂರ್ತಿ ಖಾಲಿಯಾಗಿತ್ತು. ಎಷ್ಟೋ ತಿಂಗಳಿಂದ ನಾನು ಬಯಸಿದ್ದು ಅದನ್ನೇ, ಆದರೂ ಊಟ ಸೇರಲಿಲ್ಲ. ಎದ್ದು ಕ್ಯಾಲೆಂಡರ್ ನೋಡಿದೆ. ಆ ಬುಧವಾರದ ಸುತ್ತ ಕೆಂಪು ಪೆನ್ನಿನಲ್ಲಿ ಗುಂಡಗೆ ಗೆರೆ. ಒಳಗೆ 'ಕೆಮಿಸ್ಟ್ರಿ' ಎಂದು ಸಣ್ಣ ಅಕ್ಷರ. ದಿನಾ ಅದರ ಕೆಳಗೇ ಕೂತು ಉಂಡಿದ್ದೇನೆ. ಅದೇ ಹೆಂಗಸು, ಅದೇ ಪರೀಕ್ಷೆ, ಅದೇ ನಾನು; ಸಸ್ತಾ ಸಿಕ್ಕ ದಿನ ಮಾತ್ರ ಬೇರೆ.

ನಾಗರಾಜನ ಹತ್ತಿರ ವಾಪಸ್ ಹೋದೆ. 'ಭಾನುವಾರಕ್ಕೆ ಹಾಕು' ಎಂದೆ.

'ಸಾರ್, ಭಾನುವಾರ ರೇಟು ಬೇರೆ. ಎರಡನೇ ಸಿಹಿ ಆಗಲ್ಲ.'

'ಬೇಡ ಬಿಡು.'

ಅವನು ನನ್ನನ್ನು ಕೆಳಗಿಂದ ಮೇಲಕ್ಕೆ ನೋಡಿದ. 'ಯಾಕ್ ಸಾರ್, ಹುಷಾರಿಲ್ವಾ?'

ತಮ್ಮನಿಗೂ ಫೋನು ಮಾಡಿ, ಹೆಚ್ಚಿಗೆ ಬೀಳುವುದು ನನ್ನದೇ ಎಂದೆ. 'ಅಣ್ಣ, ನೀನೇ ಮಾತಾಡ್ತಿರೋದಾ?' ಎಂದು ಅವನು ಎರಡು ಸಲ ಕೇಳಿದ.

ಬುಧವಾರ ಗಿರಿಜೆಯನ್ನು ಸ್ಕೂಟರಿನಲ್ಲಿ ಕೆಂಗೇರಿಯ ಪರೀಕ್ಷಾ ಕೇಂದ್ರಕ್ಕೆ ಬಿಟ್ಟೆ. ಒಳಗೆ ಬ್ಯಾಗು ಬಿಡುವುದಿಲ್ಲ ಎಂದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಮೂರು ಗಂಟೆ ಕಾಂಪೌಂಡಿನ ಕಟ್ಟೆಯ ಮೇಲೆ ಕೂತೆ. ಪಕ್ಕದಲ್ಲಿ ಕೂತಿದ್ದ ಒಬ್ಬ ತಂದೆ ಮನೆಗೆ ಬಣ್ಣ ಹೊಡೆಸಬೇಕೆಂದಿದ್ದರು; ಪ್ರೈಮರ್ ಎರಡು ಕೋಟು ಸಾಕು ಎಂದು ಸಲಹೆ ಕೊಟ್ಟೆ.

ಹೊರಗೆ ಬಂದವಳ ಮುಖ ನೋಡಿ ಏನೂ ಗೊತ್ತಾಗಲಿಲ್ಲ. 'ಆ ನೀರಿನ ಲೆಕ್ಕ ಬಂದಿತ್ತಾ?' ಎಂದೆ.

'ಅಂಥದ್ದೇ ಒಂದು ಬಂದಿತ್ತು. ಕರೆಕ್ಟಾಗಿ ಬರೆದೆ.'

'ಉಳಿದಿದ್ದು?'

'ಅದನ್ನೂ ಬರೆದೆ.'

ಅವಳು ಸ್ಕೂಟರ್ ಹತ್ತಿದಳು. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ನಿಂತಾಗ, ಮೂರು ಗಂಟೆ ಬ್ಯಾಗು ಹೊತ್ತು ಕೂತಿದ್ದೆನಲ್ಲ, ಅದಕ್ಕೆ ಭೌತಶಾಸ್ತ್ರದಲ್ಲಿ ಎಷ್ಟು ಸಿಗುತ್ತದೆ ಎಂದು ಕೇಳಿದೆ.

'ಸೊನ್ನೆ' ಎಂದಳು ಗಿರಿಜೆ ಹಿಂದಿನಿಂದ, ಒಂದು ಕ್ಷಣವೂ ಯೋಚಿಸದೆ.

ಒಂದಾದರೂ ಕೊಡು ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸಿಗ್ನಲ್ ಬಿಟ್ಟಿತು.