ಅರವತ್ತು ಹರ್ಟ್ಸ್ ಮತ್ತು ಒಂದು ಬುಟ್ಟಿ ರೊಟ್ಟಿ

ಹರ್ಟ್ಸ್ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗೋವಾದ ಸಾಂಕೋಲೆಯ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷದಿಂದ ಇಲೆಕ್ಟ್ರಿಷಿಯನ್ ನಾನು. ತಂತಿಯಲ್ಲಿ ಬರುವ ಕರೆಂಟು ಐವತ್ತು ಹರ್ಟ್ಸ್ ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಹೀಗಿರುವಾಗ ಮನೆಯ ಕಂಪ್ಯೂಟರಿನ ಕಾರು ಓಡಿಸುವ ಆಟದಲ್ಲಿ ಹೆಂಡತಿ ಶಾಂತಾ ನನ್ನನ್ನು ದಿನಾ ಸೋಲಿಸುತ್ತಾಳೆಂದರೆ ತಪ್ಪು ನನ್ನದಾಗಿರಲು ಸಾಧ್ಯವೇ ಇಲ್ಲ. ತಪ್ಪು ಮಾನಿಟರಿನದು!

ಇದು ಎರಡು ಸಾವಿರದ ನಾಲ್ಕರ ಮಾತು. ಕಂಪ್ಯೂಟರ್ ತಂದದ್ದು ಮಗಳ ಓದಿಗೆ. ಮಗಳು ಶಾಲೆಗೆ ಹೋದೊಡನೆ ಶಾಂತಾ ಹೊಲಿಗೆ ಯಂತ್ರ ಬದಿಗಿಟ್ಟು ಕಾರು ಹತ್ತುತ್ತಿದ್ದಳು. ನಾನು ಪಾಳಿ ಮುಗಿಸಿ ಬಂದು ಸೋಲುತ್ತಿದ್ದೆ. ಸೋತು ಸೋತು ರೋಸಿಹೋಗಿ ಒಂದು ದಿನ ಸವಾಲು ಹಾಕಿಯೇ ಬಿಟ್ಟೆ. ಮುಂದಿನ ರವಿವಾರ ಅವಳ ತಮ್ಮ ಮಲ್ಲಪ್ಪ ಸಂಸಾರ ಸಮೇತ ವಿಜಾಪುರದಿಂದ ಸಮುದ್ರ ನೋಡಲು ಬರುವವನಿದ್ದ. ಅವತ್ತು ಪಂದ್ಯ. ಸೋತವರು ಅಷ್ಟೂ ಜನಕ್ಕೆ ಜೋಳದ ರೊಟ್ಟಿ ಬಡಿಯಬೇಕು. ಪರದೆಯ ಮೇಲಿನ ಗಡಿಯಾರ ತೋರಿಸಿದ್ದೇ ಅಂತಿಮ, ತಕರಾರು ಇಲ್ಲ ಎಂಬ ನಿಯಮವನ್ನೂ ನಾನೇ ಮಾಡಿದೆ.

ಹಿಟ್ಟು ಮುಟ್ಟಿ ಗೊತ್ತಿಲ್ಲದ ನಾನು ಭಾವಮೈದುನನ ಎದುರು ನಾದುವ ಕೊಣಮಿಗೆಯ ಮುಂದೆ ಕೂರುವುದೆಂದರೇನು? ಊರಲ್ಲಿ ತಲೆ ಎತ್ತಿ ತಿರುಗುವಂತಿಲ್ಲ. ತಕ್ಷಣ ಸಂಶೋಧನೆ ಆರಂಭಿಸಿದೆ.

ಮಾನಿಟರಿನ ಸೆಟ್ಟಿಂಗ್‌ನಲ್ಲಿ ಅರವತ್ತು ಹರ್ಟ್ಸ್ ಎಂದಿತ್ತು. ನನಗೆ ಭಾರಿ ಕುತೂಹಲವಾಯಿತು. ಸರಕಾರ ಕೊಡುವುದು ಐವತ್ತು, ಇದು ಮೇಲಿನ ಹತ್ತನ್ನು ಎಲ್ಲಿಂದ ತರುತ್ತದೆ? ನೋಡೋಣವೆಂದು ನೂರಕ್ಕೆ ಏರಿಸಿದೆ. ಪರದೆ ಕಪ್ಪಾಯಿತು! ನಾನು ಟೆಸ್ಟರ್ ತಂದು, ಬೋರ್ಡಿನ ತಿರುಪು ಬಿಚ್ಚುವಷ್ಟರಲ್ಲಿ ಚಿತ್ರ ತಾನಾಗಿ ಮರಳಿತು. ಶಾಂತಾ ಸೂಜಿಗೆ ದಾರ ಪೋಣಿಸುತ್ತಲೇ ಅಂದಳು: "ನೀವು ಕೈ ಬಿಟ್ಟಿದ್ದಕ್ಕ ಸರಿ ಆತು ನೋಡ್ರಿ."

ವಾಸ್ಕೋದ ಕಂಪ್ಯೂಟರ್ ಅಂಗಡಿಯವನು ವಿವರಿಸಿದ. ಪರದೆಯ ಹರ್ಟ್ಸ್‌ಗೂ ತಂತಿಯ ಹರ್ಟ್ಸ್‌ಗೂ ಸಂಬಂಧವಿಲ್ಲವಂತೆ. ಕಂಪ್ಯೂಟರ್ ಸೆಕೆಂಡಿಗೆ ಇಷ್ಟು ಚಿತ್ರ ಬರೆಯುತ್ತದೆ, ಮಾನಿಟರ್ ಇಷ್ಟು ಸಲ ತೋರಿಸುತ್ತದೆ, ಬರೆಯುವುದಕ್ಕೆ ಆಟದಲ್ಲೇ ಲಿಮಿಟ್ ಹಾಕಬಹುದು. ನನಗೆ ತಿಳಿಯಲಿಲ್ಲ. ಮನೆಗೆ ಬಂದು ಹೇಳಿದರೆ ಶಾಂತಾಗೆ ತಿಳಿಯಿತು.

"ನಾ ರೊಟ್ಟಿ ಬಡೀತೀನಿ, ನೀವು ತಿಂತೀರಿ. ನೀವು ಅರವತ್ತು ತಿನ್ನೂದಿದ್ರ ನಾ ನೂರು ಬಡದು ಏನ್ ಮಾಡ್ಲಿ? ಅದಕ್ಕ ಲಿಮಿಟ್."

ನನ್ನ ತಲೆಯಲ್ಲಿ ದೀಪ ಹತ್ತಿತು. ರೊಟ್ಟಿ ಕಡಿಮೆಯಾದರೆ ತಿನ್ನುವವರು ಉಪವಾಸ! ಅವಳ ಸರದಿಯಲ್ಲಿ, ಆಟದಲ್ಲಿ ಅರವತ್ತಕ್ಕಿದ್ದ ಲಿಮಿಟ್ಟನ್ನು ಇಪ್ಪತ್ತಕ್ಕೆ ಇಳಿಸಿದರೆ ರಸ್ತೆ ಅರ್ಧಂಬರ್ಧ ಕಂಡು ಗೋಡೆಗೆ ಗುದ್ದುತ್ತಾಳೆ. ನನ್ನ ಸರದಿಗೆ ಲಿಮಿಟ್ಟೇ ಇಲ್ಲ. ಇದು ಮೋಸವಲ್ಲ, ತಾಂತ್ರಿಕ ಹೊಂದಾಣಿಕೆ.

ರವಿವಾರ ಬೆಳಿಗ್ಗೆ ಮಲ್ಲಪ್ಪನ ಸಂಸಾರ ಬಂದಿಳಿಯಿತು. ಪಕ್ಕದ ಮನೆಯ, ಟೆಂಪೊ ಓಡಿಸುವ ದಾವಲ್‌ಸಾಬ್ ತೀರ್ಪುಗಾರನಾಗಿ ಕುರ್ಚಿ ಹಾಕಿಕೊಂಡು ಕೂತ. ನಾನು ಕೀಬೋರ್ಡ್ ಒರೆಸುವ ನೆಪದಲ್ಲಿ ಲಿಮಿಟ್ ಇಪ್ಪತ್ತು ಮಾಡಿ ಶಾಂತಾಳನ್ನು ಕೂರಿಸಿದೆ.

ಅವಳ ಕಾರು ಹೊರಟಿತು. ಆದರೆ ಇದೇನು? ಚಿತ್ರ ಕುಂಟುವುದರ ಜೊತೆಗೆ ಇಡೀ ಆಟವೇ ನಿಧಾನವಾಗಿಬಿಟ್ಟಿದೆ! ನನಗೆ ಆಮೇಲೆ ತಿಳಿದಂತೆ, ಆ ಹಳೆಯ ಆಟಕ್ಕೆ ಬರೆದ ಚಿತ್ರ ಎಣಿಸುವುದೇ ಕಾಲ. ಚಿತ್ರ ಕಡಿಮೆಯಾದರೆ ಕಾರೂ ನಿಧಾನ, ಪರದೆಯ ಗಡಿಯಾರವೂ ನಿಧಾನ. ಶಾಂತಾ ಒಂದೊಂದು ತಿರುವನ್ನೂ ಲಂಗದ ಅಂಚು ಹೊಲಿದಂತೆ ಆರಾಮಾಗಿ ದಾಟಿದಳು. ನಡುವೆ ತಮ್ಮನ ಹೆಂಡತಿಯ ತವರಿನ ಕ್ಷೇಮಸಮಾಚಾರ ಕೇಳಿದಳು. ಗೋಡೆಯ ಗಡಿಯಾರದಲ್ಲಿ ಐದೂವರೆ ನಿಮಿಷ ಕಳೆದಿತ್ತು, ಪರದೆಯಲ್ಲಿ ಒಂದು ನಿಮಿಷ ಐವತ್ತು ಸೆಕೆಂಡ್. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರೂ ಅಷ್ಟು ಬೇಗ ಗುರಿ ಮುಟ್ಟಿರಲಿಲ್ಲ.

ನನ್ನ ಸರದಿ. ಬೆವರುತ್ತ ಲಿಮಿಟ್ ತೆಗೆದೆ. ಬಾಣದ ಗುಂಡಿ ಒತ್ತಿದ್ದಷ್ಟೇ ಗೊತ್ತು, ಕಾರು ಗೋಡೆಯಲ್ಲಿತ್ತು. ಹಿಂದೆ ತೆಗೆದೆ, ಎದುರಿನ ಗೋಡೆಯಲ್ಲಿತ್ತು. ಪರದೆಯ ಗಡಿಯಾರ ಹುಚ್ಚು ಹಿಡಿದಂತೆ ಓಡುತ್ತಿತ್ತು. ಹೊಸ ಕಂಪ್ಯೂಟರಿನ ವೇಗವೆಲ್ಲ ನನ್ನ ತಲೆಯ ಮೇಲೆ ಬಿತ್ತು. ಮುಟ್ಟುವ ಗೆರೆ ಕೊನೆಗೂ ನನಗೆ ಕಾಣಲೇ ಇಲ್ಲ.

ಗಡಿಯಾರ ಸರಿಯಿಲ್ಲವೆಂದು ವಾದಿಸಿದೆ. ದಾವಲ್‌ಸಾಬ್ ಗಂಭೀರವಾಗಿ ತೀರ್ಪು ಕೊಟ್ಟ: "ಬಸಣ್ಣಾರ, ಪರದೆ ಮ್ಯಾಗಿಂದ ಖರೇ ಅಂತ ನೀವ ಅಂದೀರಿ. ಹಿಟ್ಟು ನಾದ್ರಿ."

ನಾದಿದೆ. ಬಡಿದೆ. ಮೊದಲನೆಯದು ಹರಿಯಿತು, ಎರಡನೆಯದು ಕೈಗೇ ಅಂಟಿ ಉಳಿಯಿತು. ಮಲ್ಲಪ್ಪನ ಮಕ್ಕಳು ತಾಟು ಹಿಡಿದು ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದವು. ಅರ್ಧ ಗಂಟೆಯಲ್ಲಿ ಮೂರು ರೊಟ್ಟಿಯಾದವು. ಶಾಂತಾ ಬಂದು ಪಕ್ಕದಲ್ಲಿ ಕೂತು, ಯಾರಿಗೂ ಕೇಳದಂತೆ ಮೆಲ್ಲಗೆ ಅಂದಳು:

"ಇಪ್ಪತ್ತು ಅಂತ ಪರದೆ ಮೂಲ್ಯಾಗ ಬರದಿತ್ರಿ. ನನಗ ಓದಾಕ ಬರ್ತೈತಿ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹಂಚಿನ ಮೇಲಿದ್ದ ನಾಲ್ಕನೆಯದು ಸೀದುಹೋಯಿತು. ಅದನ್ನು ನಾನೇ ತಿಂದೆ.