ಗಗನಯಾತ್ರಿ ಕೊಟ್ರಪ್ಪನ ಹೋಳಿಗಿ

ಅಲ್ರಿ, ಅಂತರಿಕ್ಷಕ್ಕ ಹಾರವ್ರು ಬ್ಯಾರೆ, ಕುಷ್ಟಗಿಯ ಕಾಳಿನ ಅಂಗಡಿ ಗಾದಿ ಬಿಟ್ಟು ಏಳದ ಕೊಟ್ರಪ್ಪ ಬ್ಯಾರೆ. ಆದರ ಇದನ್ನ ಅವನ ಹೆಂಡತಿ ಶಾಂಭವಿಗೆ ಹೇಳವ್ರು ಯಾರು? ಆಕಿ ಹೈಸ್ಕೂಲಿನ ವಿಜ್ಞಾನದ ಟೀಚರು. ಗಗನಯಾತ್ರಿಗಳ ಮೈಗೆ ಯಂತ್ರ ಕಟ್ಟಿ, ಅವರ ನಾಡಿ, ನಿದ್ದಿ, ಉಸಿರು ಎಲ್ಲಾನೂ ಭೂಮಿ ಮ್ಯಾಲಿನ ಡಾಕ್ಟರು ನೋಡ್ತಾರಂತ ಯಾವುದೋ ತರಬೇತಿಯೊಳಗ ಕೇಳಿ ಬಂದಿದ್ದಳು. ಬಂದವಳೇ ಗಂಡನ ಮುಂಗೈಗೆ ಒಂದು ಕರೀ ವಾಚು ಬಿಗಿದಳು.

"ಅಷ್ಟು ಮ್ಯಾಲಿರೋರ ಎದಿಬಡಿತ ಇಲ್ಲಿ ತಿಳೀತೈತಿ. ಬಜಾರದಾಗಿರೋ ನಿಮ್ಮದು ನನ್ನ ಫೋನಿಗೆ ತಿಳೀಬಾರದೇನ್ರಿ?"

"ಅವರು ರಾಕೆಟ್ ಹತ್ತ್ಯಾರ. ನಾ ಗಾದಿ ಹತ್ತೀನಿ. ನನಗ್ಯಾಕ ಈ ಬೇಡಿ?"

"ನಿಮಗ ಶುಗರ್ ಏರೈತಿ, ಅದಕ್ಕ! ದಿನಾ ವಾಚಿನ ಗುರಿ ಮುಟ್ಟೋಹಂಗ ನಡದ್ರ ಮಂಗಳೂರಿನ ಮದುವ್ಯಾಗ ಹೋಳಿಗಿ. ಇಲ್ಲಂದ್ರ ನವಣಿ ಅನ್ನದ ಡಬ್ಬಿ ತರ್ತೀನಿ. ಪಂಕ್ತ್ಯಾಗ ಕುಂತು ಅದನ್ನ ಉಣ್ರಿ."

ಮಂಗಳೂರಂದ್ರ ಸಮುದ್ರದ್ದಲ್ರಿ, ನಮ್ಮ ಯಲಬುರ್ಗಿ ಕಡೇದು. ಮದುವಿ ಕೊಟ್ರಪ್ಪನ ತಂಗಿ ಮಗಳದು. ಸೋದರಮಾವ ಬೀಗರ ಎದುರಿಗೆ ಡಬ್ಬಿ ಬಿಚ್ಚೋದಂದ್ರ! ನೆನೆಸಿಕೊಂಡರ ಅವನಿಗೆ ಬೆವರು ಬರ್ತಿತ್ತು. ನಡ್ಯಾಕ ಮಾತ್ರ ಮನಸು ಬರ್ತಿರಲಿಲ್ಲ.

ಒಂದಿನ ಗಾದಿ ಮ್ಯಾಲ ಕುಂತು ನೊಣ ಹೊಡೀತಿದ್ದಾಗ ನೋಡ್ತಾನ, ವಾಚು ಅದನ್ನೂ ಹೆಜ್ಜಿ ಅಂತ ಎಣಿಸೈತಿ! ಬಾಜೂಕಿನ ಖಾನಾವಳಿಯಿಂದ ಕಳಕಮ್ಮ ರೊಟ್ಟಿ ಬಡಿಯೋ ಸಪ್ಪಳ ಟಪಟಪ ಬರಾಕತ್ತಿತ್ತು. ಕೊಟ್ರಪ್ಪನ ತಲಿ ಓಡಿತು. ವಾಚು ಬಿಚ್ಚಿ ಅಲ್ಲಿಗೆ ಹೋದ.

"ಕಳಕವ್ವ, ಇದನ್ನ ಮಧ್ಯಾಹ್ನದ ತನ ಕಟ್ಕೊಂಡಿರಬೇ. ಛಲೋ ನಡೀತೈತೋ ಇಲ್ಲೋ ನೋಡಬೇಕು."

"ನನಗ್ಯಾಕಪಾ ವಾಚು? ಗಿರಾಕಿ ಬಂದ್ರ ಟೈಮಾತಂತ ಗೊತ್ತಾಕ್ಕೈತಿ," ಅಂದಳು ಕಳಕಮ್ಮ. ಆದರೂ ಕಟ್ಟಿಕೊಂಡಳು.

ಅವತ್ತು ಸಂಜಿಗೆ ಶಾಂಭವಿ ಫೋನ್ ನೋಡಿ ಹಿರಿಹಿರಿ ಹಿಗ್ಗಿದಳು. "ಎಷ್ಟು ನಡದೀರಿ! ಕಾಲು ನೊಂದಿರಬೇಕು," ಅಂತ ಎಣ್ಣಿ ಹಚ್ಚಿ ತಿಕ್ಕಿದಳು. ಕೊಟ್ರಪ್ಪ ತಿಕ್ಕಿಸಿಕೊಂಡ. (ನಾಚಿಕಿ ಇದ್ರ ತಾನೇ!) ಆಮ್ಯಾಲ ದಿನಾ ಇದೇ ನಡೀತು.

ಮದುವಿ ಹಿಂದಿನ ದಿನ ಖಾನಾವಳಿಗೆ ದೊಡ್ಡ ಆರ್ಡರ್ ಬಂತು. ಕಳಕಮ್ಮ ಬೆಂಕಿ ಮುಂದ ಕುಂತು ಒಂದೇ ಸವನ ಬಡದೇ ಬಡದಳು. ಅಲ್ಲಿ ಸಾಲ್ಯಾಗ ಶಾಂಭವಿ ಫೋನು ಚೀರಿತು: ಎದಿಬಡಿತ ಮಿತಿ ಮೀರೈತಿ! ಗಂಡಗ ಫೋನ್ ಹಚ್ಚಿದರ ಎತ್ತವಲ್ಲ. ಸೀಮೆಸುಣ್ಣ ಕೈಯಾಗ ಹಿಡಕೊಂಡೇ ಆಕಿ ಉಮರಸಾಬನ ಆಟೋ ಹತ್ತಿದಳು.

"ಜೋರ್ ಹೊಡಿಯಣ್ಣಾ, ನಮ್ಮನಿಯವ್ರಿಗೆ ಏನೋ ಆಗೈತಿ!"

ಅಂಗಡ್ಯಾಗ ಕೊಟ್ರಪ್ಪ ಅಂಗಾತ ಮಲಗಿ ಗೊರಕಿ ಹೊಡಿಯಾಕತ್ತಿದ್ದ. ಶಾಂಭವಿ ಅಳಕೋತ ಅವನ ಮುಂಗೈ ಹಿಡಿದಳು. ಕೈ ಬರೀದು. ಫೋನು ಇನ್ನೂ ಚೀರಾಕತ್ತಿತ್ತು. ಬಾಜೂಕ ಟಪಟಪ.

"ಛಲೋ ಬಂದ್ರಿ ಅಕ್ಕೋರ," ಅಂದಳು ಅಂಗಡಿ ಬಾಗಿಲಿಗೆ ಬಂದ ಕಳಕಮ್ಮ, ಹಿಟ್ಟು ಮೆತ್ತಿದ ಮುಂಗೈ ಚಾಚಿ. "ಇದು ಆಗಿಂದ ಗುರ್ ಅನ್ನಾಕತ್ತೈತಿ. ಹಸಿವ್ಯಾಗೈತೇನ್ ನೋಡ್ರಿ."

ಶಾಂಭವಿ ಗಂಡನ ಕಡೆ ತಿರುಗಿದಳು. "ನನ್ನ ಜೀವಾನ ಹೋಗಿತ್ತಲ್ರಿ!" ಅಂದಳು. ಕೊಟ್ರಪ್ಪ ದಡಬಡಿಸಿ ಎದ್ದು ಕುಂತ. ಬೈದಿದ್ರ ಸಂಭಾಳಿಸ್ತಿದ್ದ, ಆಕಿ ತಣ್ಣಗ ಹೊಳ್ಳಿ ಆಟೋ ಹತ್ತಿದ್ದು ಅವನಿಗೆ ಭಾಳ ಹೆದರಿಕಿ ಹುಟ್ಟಿಸಿತು.

ಮರುದಿನ ಮದುವಿ ಪಂಕ್ತ್ಯಾಗ ಮುಂದಿನ ಸಾಲಿಗೆ ಸೋದರಮಾವ ಕುಂತ. ಅವನ ಬಾಜೂಕ, ಇಳಕಲ್ ಸೀರಿ ಉಟ್ಟು, ಕಳಕಮ್ಮ! ಶಾಂಭವಿ ತಾನೇ ನಿಂತು ಆಕಿ ಎಲಿಗೆ ಹೋಳಿಗಿ ಮ್ಯಾಲ ಹೋಳಿಗಿ ಹಾಕಿ ತುಪ್ಪ ಸುರಿದಳು.

"ಗುರಿ ಮುಟ್ಟಿದವ್ರಿಗೆ ಹೋಳಿಗಿ ಅಂತ ಮಾತು ಕೊಟ್ಟಿದ್ದೆ. ಉಣ್ಣಬೇ."

ಕೊಟ್ರಪ್ಪನ ಎಲಿ ಮ್ಯಾಲ ಸ್ಟೀಲಿನ ಡಬ್ಬಿ ಬಂತು. ಎದುರಿಗೆ ಕುಂತ ಬೀಗರು ಕೈ ನಿಲ್ಲಿಸಿ, "ಮಾವನೋರಿಗ್ಯಾಕ್ರೀ ಡಬ್ಬಿ?" ಅಂತ ಕೇಳಿದರು.

ಶಾಂಭವಿ ಪಂಕ್ತಿಗೆಲ್ಲ ಕೇಳೋಹಂಗ ಹೇಳಿದಳು: "ಅವರು ಗಗನಯಾತ್ರಿ ಅದಾರ್ರೀ. ಅವರಿಗೆ ಡಬ್ಬಿ ಊಟಾನ."