ಹಕ್ಕಿ ದರೋಗಾನ ಹೊಟ್ಟೆಕಿಚ್ಚು

ನಾಲ್ಕಾರು ನಮೂನೆಯ ಹಕ್ಕಿಗಳನ್ನು ಒಂದೇ ತಂತಿ ಜಾಲಿಮನೆಯಲ್ಲಿ ಕೂಡಿಹಾಕಿದರೆ ಏನಾಗುತ್ತದೆಂದು ಹಾಕುವ ಮುಂಚೆ ಯಾರೂ ಕೇಳುವುದಿಲ್ಲ. ಹಾಕಿದ ಮೇಲೆ ಎಲ್ಲರೂ ಕೇಳುತ್ತಾರೆ, ಅದೂ ಸಿಟ್ಟಿನಿಂದ. ಆಳಂದದ ತೊಗರಿ ಸಾಹುಕಾರರ ಮನೆಯಲ್ಲಿ ನಾನು ಹಕ್ಕಿ ನೋಡಿಕೊಂಡಿದ್ದಾಗ ಇಂಥದ್ದೊಂದು ನಡೆಯದ ವಾರವೇ ಇರಲಿಲ್ಲ.

೧. ಅರಗದ ಹೋಳಿಗೆ

ಆಗ ನಮ್ಮ ಕಡೆ ನಿಜಾಮರ ರಾಜ್ಯ. ಸಾಹುಕಾರರು ಮಗಳನ್ನು ಕೊಟ್ಟ ಅಫಜಲಪುರದ ಬೀಗರ ಮನೆಗೆ ಹೋಗಿ, ಉಂಡ ಹೋಳಿಗೆ ಅರಗದೆ ಮರಳಿದರು. ಬೀಗರು ಮಾಳಿಗೆಯ ಮೇಲೆ ಪಾರಿವಾಳ ಸಾಕಿದ್ದರಂತೆ. ಊರೆಲ್ಲ ತಲೆ ಎತ್ತಿ ಅವನ್ನೇ ನೋಡುತ್ತಿತ್ತಂತೆ.

"ಅವರ ಮನ್ಯಾಗ ಒಂದೇ ನಮೂನಿ ಅದ. ನಮ್ಮ ಮನ್ಯಾಗ ಎಲ್ಲಾ ನಮೂನಿ ಇರಬೇಕು. ಒಂದೇ ಕಡಿ ಇರಬೇಕು. ಬೀಗರು ಬಾಗಲದಾಗ ಕಾಲಿಟ್ಟ ಕೂಡ್ಲೆ ಕಾಣಬೇಕು" ಎಂದರು.

ಅಂಗಳದಲ್ಲಿ ತಂತಿ ಜಾಲಿಯ ಮನೆ ಎದ್ದಿತು. ನಾನು ಅವರ ಅಂಗಡಿಯಲ್ಲಿ ತೊಗರಿ ತೂಗುವವನು. ಮನೆಯಲ್ಲಿ ಒಂದು ಗೊರವಂಕ ಸಾಕಿದ್ದೆ, ಅಷ್ಟೇ ನನ್ನ ವಿದ್ಯೆ. ಅಷ್ಟಕ್ಕೇ ಸಾಹುಕಾರರು ನನ್ನ ತಲೆಗೆ ರುಮಾಲು ಸುತ್ತಿಸಿ, ಹಕ್ಕಿಗಳ ಮೇಲ್ವಿಚಾರಣೆಗೆ 'ಹಕ್ಕಿ ದರೋಗಾ' ಮಾಡಿದರು. ತಕ್ಕಡಿ ಹಿಡಿದವನಿಗೆ ದರೋಗಾಗಿರಿ! ನನ್ನ ಹೆಂಡತಿ ಬಾವಿಕಟ್ಟೆಯಲ್ಲಿ ಈ ಸುದ್ದಿ ಹೇಳುತ್ತ ಹೇಳುತ್ತ ಖಾಲಿ ಕೊಡ ಹೊತ್ತೇ ಮನೆಗೆ ಬರುತ್ತಿದ್ದಳು. ಆ ಹೆಸರು ಹೋದರೆ ನಾವಿಬ್ಬರೂ ಓಣಿಯಲ್ಲಿ ತಲೆ ಎತ್ತುವಂತಿರಲಿಲ್ಲ.

ಮೊದಲ ದಿನವೇ ಗಿಣಿ, ಪಾರಿವಾಳ, ಮುನಿಯಾ ಎಲ್ಲವನ್ನೂ ಒಳಗೆ ಬಿಟ್ಟೆವು. ಜಾಲಿಯ ಕಣ್ಣು ಪಾರಿವಾಳದ ಅಳತೆಗೆ ಮಾಡಿಸಿದ್ದು. ಹೆಬ್ಬೆರಳಿನಷ್ಟಿರುವ ಮುನಿಯಾಗಳು ಒಂದೊಂದಾಗಿ ನುಸುಳಿ ಬೇವಿನ ಗಿಡದ ಮೇಲೆ ಹೋಗಿ ಕುಳಿತವು.

"ಬಾಗ್ಲಾ ಯಾರು ತೆಗದ್ರಲೇ?" ಎಂದು ಸಾಹುಕಾರರು ಗುಡುಗಿದರು.

"ಯಾರೂ ತೆಗದಿಲ್ರಿ. ಅವುಕ್ಕ ಬಾಗ್ಲಾ ಬೇಕಾಗೇ ಇಲ್ರಿ" ಎಂದೆ.

ನವಣೆ ಚೆಲ್ಲಿದ ಕೂಡಲೇ ಅವೇ ಮುನಿಯಾಗಳು ಒಳಗೆ ನುಗ್ಗಿ, ಹೊಟ್ಟೆ ತುಂಬ ತಿಂದು, ಮತ್ತೆ ಗಿಡಕ್ಕೆ ಹಾರಿದವು. ಪಡಸಾಲೆಯಲ್ಲಿ ಕುಳಿತಿದ್ದ ಸಾಹುಕಾರ್ತಿ ಗಂಡನಿಗೆ ಹೇಳಿದರು: "ಬಿಡ್ರಿ, ಇವು ನಿಮ್ಮ ತಮ್ಮನಂಗ ಅವ. ಉಣ್ಣಾಕ ಒಳಗ, ಕೆಲಸಂದ್ರ ಹೊರಗ."

೨. ಖಾನದಾನಿ ಕಾಲು

ಗಿಣಿ ಅಲ್ಲಿಯತನಕ ಸಾಹುಕಾರ್ತಿಯ ಹೆಗಲ ಮೇಲೆ ಬೆಳೆದದ್ದು. ಈಗ ಅವರು ಅಂಗೈಯಲ್ಲಿ ಕಾಳು ಹಿಡಿದು ಪಾರಿವಾಳಗಳಿಗೆ ತಿನ್ನಿಸುವುದನ್ನು ದಿನಾ ನೋಡಬೇಕಾಯಿತು. ಗಿಣಿಗೆ ತಡೆಯಲಿಲ್ಲ. ಸಾಹುಕಾರ್ತಿ ಅತ್ತ ಹೋದದ್ದೇ ತಡ, ಇತ್ತ ಜಾಲಿ ಹಿಡಿದು ಇಳಿದು ಒಂದೊಂದೇ ಪಾರಿವಾಳದ ಬೆರಳು ಕಚ್ಚುತ್ತ ಹೋಯಿತು. ನಾಲ್ಕು ದಿನದಲ್ಲಿ ಎಲ್ಲ ಪಾರಿವಾಳಗಳೂ ಒಂದು ಕಾಲು ಮಡಚಿಕೊಂಡು ನಿಂತವು.

ಆಗಲೇ ಬೀಗರು ಬರಬೇಕೇ! "ಇವು ಯಾಕ್ರಿ ಒಂದ ಕಾಲಿನ ಮ್ಯಾಲ ನಿಂತಾವ?" ಎಂದು ಕೇಳಿದರು. ಸಾಹುಕಾರರು ನನ್ನ ಮುಖ ನೋಡಿದರು. ದರೋಗಾ ಎಂದಮೇಲೆ ಏನಾದರೂ ಹೇಳಲೇಬೇಕು.

"ಇವು ಅರಬಸ್ತಾನದ ತಳಿರಿ. ಖಾನದಾನಿ ಹಕ್ಕಿ, ದೊಡ್ಡ ಮನೆತನದವು. ಎರಡನೇ ಕಾಲು ನೆಲಕ್ಕ ಹಚ್ಚಂಗಿಲ್ರಿ."

ಬೀಗರ ಮುಖ ಸಣ್ಣದಾಯಿತು. ತಮ್ಮ ಪಾರಿವಾಳಗಳೆಲ್ಲ ಬರೀ ಎರಡು ಕಾಲಿನವು ಎಂದು ಹೊಟ್ಟೆ ಉರಿದುಕೊಂಡು, ಹಲ್ಲು ಗಿಂಜಿ ಒಂದು ಜೋಡಿ ಬೇಡಿ ಒಯ್ದರು. ಸಾಹುಕಾರರಿಗೆ ಆ ರಾತ್ರಿ ಹೋಳಿಗೆ ಅರಗಿತು.

ಹದಿನೈದು ದಿನಕ್ಕೆ ಅಫಜಲಪುರದಿಂದ ಅವರ ಆಳು ಏದುಸಿರು ಬಿಡುತ್ತ ಬಂದ. "ನಮ್ಮ ಧಣ್ಯಾರು ಭಾಳ ಕಾಳಜಿ ಮಾಡಾಕತ್ತಾರ್ರಿ. ಜೋಡಿ ಪಾರಿವಾಳ ಈಗ ಎರಡೂ ಕಾಲಿನ ಮ್ಯಾಲ ನಿಂತಾವ. ಈ ರೋಗಕ್ಕ ಔಷಧ ಏನರ ಅದ ಏನ್ರಿ?"

೩. ಕುರ್ಚಿ ಮತ್ತು ಬಶಿ

ಪಾರಿವಾಳಗಳ ಕಾಲು ನೋಡಿ ಸಾಹುಕಾರರಿಗೆ ನನ್ನ ವಿದ್ಯೆಯ ಮೇಲೆ ಅನುಮಾನ ಬಂತು. ಜೇವರ್ಗಿಯಿಂದ ಹಕ್ಕಿ ಬಲ್ಲವನೊಬ್ಬನನ್ನು ಕರೆಸಿದರು. ಅವನು ಕಾದಾಟಕ್ಕೆ ಸಾಕಿದ ಗಂಡು ತೀತರವೊಂದನ್ನು, ಅಂದರೆ ಗೌಜಲಹಕ್ಕಿಯನ್ನು, ಅರಿವೆ ಮುಚ್ಚಿದ ಪಂಜರದಲ್ಲಿ, ಸಾಹುಕಾರರಿಗೆ ನಜರಾಣೆ ತಂದಿದ್ದ.

ಅವನಿಗೆ ಪಡಸಾಲೆಯಲ್ಲಿ ಕುರ್ಚಿ ಹಾಕಿದರು. ನಾನು ಆ ಮನೆಯಲ್ಲಿ ಕುರ್ಚಿ ಒರೆಸಿದ್ದೇನೆಯೇ ಹೊರತು ಕುಳಿತವನಲ್ಲ. ಸುಳ್ಳೇಕೆ ಹೇಳಲಿ, ಹೊಟ್ಟೆಯಲ್ಲಿ ಒಣಮೆಣಸಿನಕಾಯಿ ಅರೆದ ಹಾಗಾಯಿತು. ಮನೆಗೆ ಹೋದರೆ ಹೆಂಡತಿ ಅದಕ್ಕೆ ಉಪ್ಪು ಸೇರಿಸಿದಳು: "ಅವನಿಗಿ ಕಪ್ಪಿನ ಕೆಳಗ ಬಶಿ ಇಟ್ಟು ಚಹಾ ಕೊಟ್ರಂತಲ್ಲ. ನಿಮಗ ಯಾವಾಗರ ಬಶಿ ಕೊಟ್ಟಾರೇನ್ರಿ?"

ಮರುದಿನ ಜೇವರ್ಗಿಯವನು ಜಾಲಿಮನೆ ಸುತ್ತಿ ನೋಡಿ ಹೇಳಿದ: "ಗಿಣಿ ಬ್ಯಾರೆ ಇಡ್ರಿ, ಸಣ್ಣವು ಬ್ಯಾರೆ ಇಡ್ರಿ. ತೀತರ ಅಂತೂ ಒಂಟಿ ಇರಬೇಕ್ರಿ. ತನ್ನ ಜಾಗಾದಾಗ ಮತ್ತೊಬ್ಬರು ಎದಿ ಸೆಟಿಸಿದ್ರ ಅದು ಸುಮ್ಮನಿರಂಗಿಲ್ಲ."

ಅವನ ಮಾತು ನೂರಕ್ಕೆ ನೂರು ಸರಿಯಿತ್ತು. ಅದಕ್ಕೇ ನನಗೆ ಒಪ್ಪಲಾಗಲಿಲ್ಲ. ಅವನು ಅತ್ತ ಹೋದಮೇಲೆ ಸಾಹುಕಾರರ ಕಿವಿಯಲ್ಲಿ ಊದಿದೆ: "ಎಲ್ಲಾ ಒಂದರಾಗ ಇರ್ಲಿ ಬಿಡ್ರಿ. ಸಣ್ಣ ಸಣ್ಣ ಪಂಜರ ಕಂಡ್ರ ಬೀಗರು ಏನಂದಾರು? ಸಾಹುಕಾರ ಕಿರಾಣಿ ಅಂಗಡಿ ಹಾಕ್ಯಾನ ಅಂದಾರು!"

೪. ಎದೆ ಸೆಟೆಸಿದವರು

ಸಾಹುಕಾರರು ಎಲ್ಲಿಂದಲೋ ಒಂದು ನವಿಲನ್ನೂ ತರಿಸಿ ಬೀಗರಿಗೆ ಕರೆ ಕಳಿಸಿದರು. ಅವರು ಬರುವ ದಿನ ಬೆಳಿಗ್ಗೆ ನಾನೇ ಕೈಯಾರೆ ತೀತರವನ್ನು ಜಾಲಿಮನೆಗೆ ಬಿಟ್ಟೆ. ಜೇವರ್ಗಿಯವನು "ನಿಮ್ಮ ಮರ್ಜಿ" ಎಂದು ಕುರ್ಚಿಯಲ್ಲೇ ಕುಳಿತ.

ಬಿಸಿಲೇರಿತು. ನವಿಲು ಗರಿ ಬಿಚ್ಚಿತು. ಇದು ತನಗೇ ಸವಾಲು ಎಂದುಕೊಂಡ ತೀತರ ಹಿಂದಿನಿಂದ ಹೋಗಿ ಹಾರಿ ಬಿದ್ದಿತು. ನಾನು ಒಳಗೆ ನುಗ್ಗಿ ಬಿಡಿಸುವಷ್ಟರಲ್ಲಿ ನೆಲದ ಮೇಲೆ ಗರಿಗಳ ಹಾಸಿಗೆಯಾಗಿತ್ತು. ನನ್ನ ಮೊಣಕಾಲಿಗೂ ನಾಲ್ಕು ಏಟು ಬಿದ್ದವು.

ಬೀಗರು ಒಳಬಂದಾಗ ಬಾಲವಿಲ್ಲದ ನವಿಲು ಮೇಲಿನ ಕೋಲಿಗೆ ಅಂಟಿಕೊಂಡಿತ್ತು. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಗಿಣಿ ಮೂಲೆಯಲ್ಲಿ ಮೌನ ಹಿಡಿದಿತ್ತು. ಬೀಗರು ನವಿಲನ್ನು ಬಹಳ ಹೊತ್ತು ನೋಡಿ ಕೇಳಿದರು: "ಇದು ಯಾವೂರ ಕೋಳಿರಿ?"

ಸಾಹುಕಾರರು ನನ್ನತ್ತ ತಿರುಗಿದರು. "ಎಲ್ಲಾ ಒಂದರಾಗ ಇರ್ಲಿ ಅಂದಾಂವ ಯಾರಲೇ?"

ದರೋಗಾಗಿರಿ ಹೋಯಿತು, ಇನ್ನು ಅದು ಜೇವರ್ಗಿಯವನ ಪಾಲು ಎಂದುಕೊಂಡೆ. ಅವನು ಒಂದು ಮಾತು ಆಡಿದರೆ ಸಾಕಿತ್ತು. ಅವನು ಬಶಿ ಕೆಳಗಿಟ್ಟ.

"ಇವನ ಮ್ಯಾಲ ಸಿಟ್ಟಾಗಬ್ಯಾಡ್ರಿ ಧಣಿ. ತಪ್ಪು ನಂದೇ ಅದ. ಒಂದು ಜಾಗಾಕ್ಕ ಎರಡು ಗಂಡು ತೀತರ ತರಬಾರದ್ರಿ. ನಾ ಬಂದಾಗ ಇಲ್ಲಿ ಒಂದು ಮೊದ್ಲೇ ಇತ್ತು. ರುಮಾಲು ಸುತ್ತಿತ್ತು ನೋಡ್ರಿ, ನನಗ ಗುರ್ತು ಹತ್ತಲಿಲ್ಲ."

ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕ ಮೇಲೆ ಸಾಹುಕಾರರೂ ನಗಬೇಕಾಯಿತು. ನಾನು ಮಾತ್ರ ನೆಲದ ಮೇಲಿನ ಗರಿ ಆರಿಸತೊಡಗಿದೆ.

ಮರುದಿನವೇ ಬಡಿಗ ಬಂದ. "ಗಿಣಿಗಿ ಒಂದು, ಪಾರಿವಾಳಕ್ಕ ಒಂದು, ಸಣ್ಣವುಕ್ಕ ಒಂದು, ನವಿಲಿಗಿ ಒಂದು, ತೀತರಕ್ಕ ಒಂದು" ಎಂದು ಸಾಹುಕಾರರು ಬೆರಳು ಮಡಚಿ ಹೇಳಿದರು. ಬಡಿಗ ನೆಲದ ಮೇಲೆ ಒಂದೊಂದು ಗೂಡಿಗೆ ಒಂದೊಂದು ಗೆರೆ ಎಳೆಯುತ್ತ ಆರನೆಯದನ್ನೂ ಎಳೆದ.

"ಇದು ಯಾರಿಗ್ರಿ?" ಎಂದು ನಾನು ಮೆಲ್ಲಗೆ ಕೇಳಿದೆ.

ಸಾಹುಕಾರರು ನನ್ನತ್ತ ನೋಡದೆ ಬಡಿಗನಿಗೆ ಹೇಳಿದರು: "ಅದನ್ನ ಜರಾ ಎತ್ತರ ಮಾಡು. ದರೋಗಾ ಸಾಹೇಬರ ರುಮಾಲು ತಾಗಬಾರದು."